ಪ್ರವಾಹ ತಡೆಯುವ ಸಣ್ಣ ಮಣ್ಣಿನ ಅಣೆಕಟ್ಟು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಒಕ್ಲಹೋಮ ರಾಜ್ಯದಲ್ಲಿ ವಾಶಿಟಾ ಅಂತ ಒಂದು ನದಿ ಇದೆ. ಅದಕ್ಕೆ ಬಂದು ಸೇರುವ ಹಳ್ಳಗಳಿಗೆ ಅಡ್ಡಲಾಗಿ 1948ರಿಂದ ಈಚೆಗೆ ಸಾವಿರಕ್ಕೂ ಹೆಚ್ಚು ಸಣ್ಣ ಮಣ್ಣಿನ ಅಣೆಕಟ್ಟುಗಳನ್ನು ಕಟ್ಟಿದ್ದಾರೆ. ಹಳ್ಳ ಉಕ್ಕಿ ಹೊಲ, ರಸ್ತೆ, ಸೇತುವೆ ಕೊಚ್ಚಿಕೊಂಡು ಹೋಗದಿರಲಿ ಅನ್ನುವುದೇ ಇವುಗಳ ಮುಖ್ಯ ಉದ್ದೇಶ. ನಮ್ಮ ಕಡೆ ಮಳೆಗಾಲದಲ್ಲಿ ಹಳ್ಳ ಉಕ್ಕಿದಾಗಲೆಲ್ಲ “ಇದಕ್ಕೆ ಏನೂ ಮಾಡೋಕಾಗಲ್ವಾ?” ಎಂಬ ಮಾತು ಬರುತ್ತದೆ. ಆ ಮಾತಿನ ಜೊತೆಗೇ ಬರುವ ಪ್ರಶ್ನೆಗಳಿಗೆ ವಾಶಿಟಾ ಕಣಿವೆಯ ಅನುಭವ ಇಟ್ಟುಕೊಂಡು ಇಲ್ಲಿ ಉತ್ತರ ಬರೆದಿದ್ದೇನೆ. ಏರಿ, ಕೋಡಿ, ಅಂಗಳ, ಹೂಳು ಎಂದು ನಮ್ಮ ಕೆರೆಯ ಮಾತುಗಳನ್ನೇ ಬಳಸಿದ್ದೇನೆ.

ನೋಡೋಕೆ ನಮ್ಮ ಕೆರೆ ಥರಾನೇ ಇದೆ. ಏನು ವ್ಯತ್ಯಾಸ?

ಮೈಕಟ್ಟು ಹೆಚ್ಚುಕಡಿಮೆ ಒಂದೇ. ಎರಡು ದಿಬ್ಬಗಳ ನಡುವೆ ಮಣ್ಣಿನ ಏರಿ, ಏರಿಯ ಅಡಿಯಲ್ಲಿ ನೀರು ಆಚೆ ಹೋಗಲು ಒಂದು ದಾರಿ, ಪಕ್ಕದಲ್ಲಿ ಕೋಡಿ. ಕೆಲಸ ಮಾತ್ರ ತಿರುಗುಮುರುಗು. ಕೆರೆ ತುಂಬಬೇಕು ಅಂತ ಕಟ್ಟುತ್ತೇವೆ. ಕೋಡಿ ಬಿದ್ದರೆ ಊರಿಗೆ ಹಬ್ಬ, ಬಾಗಿನ ಬಿಡುತ್ತೇವೆ. ಪ್ರವಾಹದ ಕಟ್ಟೆಯನ್ನು ಖಾಲಿ ಇರಲಿ ಅಂತಲೇ ಕಟ್ಟುತ್ತಾರೆ. ಅಂಗಳದಲ್ಲಿ ಖಾಲಿ ಬಿದ್ದಿರುವ ಜಾಗವೇ ಅದರ ಬಂಡವಾಳ. ಮುಂದಿನ ದೊಡ್ಡ ಮಳೆ ಬಂದು ನಿಲ್ಲಬೇಕಾದ್ದು ಅಲ್ಲೇ.

ಇದನ್ನು ಜನರಿಗೆ ಒಪ್ಪಿಸುವುದು ಸುಲಭವಲ್ಲ. ಇಷ್ಟು ಎತ್ತರದ ಏರಿ ಹಾಕಿ ನೀರು ನಿಲ್ಲಿಸದೇ ಬಿಟ್ಟಿದ್ದಾರಲ್ಲ ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಆಗಲೇ ತುಂಬಿ ಕೂತ ಕಟ್ಟೆಯಿಂದ ಪ್ರವಾಹಕ್ಕೆ ತಡೆ ಸಿಗುವುದು ತೀರಾ ಕಡಿಮೆ. ಮೇಲಿಂದ ಬಂದ ನೀರು ಬಹುಪಾಲು ಹಾಗೇ ಕೆಳಗೆ ಇಳಿಯುತ್ತದೆ.

ಇದು ಶುರುವಾಗಿದ್ದು ಹೇಗೆ?

1930ರ ದಶಕದಲ್ಲಿ ಒಕ್ಲಹೋಮದ ರೈತರಿಗೆ ಎರಡು ಕಡೆಯಿಂದ ಪೆಟ್ಟು ಬಿತ್ತು. ಹುಲ್ಲುಗಾವಲನ್ನು ಉತ್ತು ಗೋಧಿ, ಹತ್ತಿ ಬೆಳೆದಿದ್ದ ನೆಲ ಬರಗಾಲದಲ್ಲಿ ಧೂಳಾಗಿ ಹಾರಿಹೋಯಿತು. ಮಳೆ ಬಂದಾಗ ಅದೇ ಬೋಳು ನೆಲ ನೀರು ಕುಡಿಯಲಿಲ್ಲ. 1934ರ ಏಪ್ರಿಲ್ 3 ಮತ್ತು 4ರ ಮಳೆಗೆ ಹ್ಯಾಮನ್ ಎಂಬ ಊರಿನ ಹತ್ತಿರ ವಾಶಿಟಾ ಉಕ್ಕಿ 17 ಜನ ತೀರಿಕೊಂಡರು. ಮರುವರ್ಷ ಅಮೆರಿಕ ಸರ್ಕಾರ ಮಣ್ಣು ಸಂರಕ್ಷಣೆಗೇ ಒಂದು ಇಲಾಖೆ ತೆರೆಯಿತು. ಅದರ ಮುಖ್ಯಸ್ಥ ಹ್ಯೂ ಹ್ಯಾಮಂಡ್ ಬೆನೆಟ್. ಪ್ರವಾಹದ ಕೆಲಸ ಶುರುವಾಗಬೇಕಾದ್ದು ಮಳೆಹನಿ ಬೀಳುವ ಹೊಲದಲ್ಲಿ ಅನ್ನುವುದು ಆ ಇಲಾಖೆಯವರ ನಿಲುವು.

1944ರ ಪ್ರವಾಹ ನಿಯಂತ್ರಣ ಕಾಯ್ದೆ ಈ ಕೆಲಸಕ್ಕೆ ದೇಶದ 11 ಜಲಾನಯನ ಪ್ರದೇಶಗಳನ್ನು ಆರಿಸಿತು. ವಾಶಿಟಾ ಅದರಲ್ಲಿ ಒಂದು. ಕಾರ್ಡೆಲ್ ಎಂಬ ಊರಿನ ಹತ್ತಿರ ಕ್ಲೌಡ್ ಕ್ರೀಕ್ ಹಳ್ಳದ ಮೊದಲ ಕಟ್ಟೆ 1948ರ ಜುಲೈನಲ್ಲಿ ಎದ್ದು ನಿಂತಿತು. ಈ ಬಗೆಯ ಕಟ್ಟೆಗಳಲ್ಲಿ ಇಡೀ ದೇಶಕ್ಕೆ ಅದೇ ಮೊದಲನೆಯದು. ಆಮೇಲೆ ಸ್ಯಾಂಡ್‌ಸ್ಟೋನ್ ಕ್ರೀಕ್ ಎಂಬ ಒಂದೇ ಹಳ್ಳದ ಬಯಲಿನಲ್ಲಿ 24 ಕಟ್ಟೆಗಳನ್ನು ಕಟ್ಟಿದರು. ಅಲ್ಲಿನ ಫಲ ನೋಡಲು ದೂರದೂರದಿಂದ ಜನ ಬಂದರು. 1954ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಇನ್ನೊಂದು ಕಾಯ್ದೆ ಇದನ್ನು ದೇಶಕ್ಕೆಲ್ಲ ವಿಸ್ತರಿಸಿತು. ಈಗ ಅಮೆರಿಕದ 47 ರಾಜ್ಯಗಳಲ್ಲಿ ಇಂಥ ಸುಮಾರು 11,800 ಕಟ್ಟೆಗಳಿವೆ. ಒಕ್ಲಹೋಮ ಒಂದರಲ್ಲೇ 2,107.

ಖಾಲಿ ಇರುವಂತೆ ನೋಡಿಕೊಳ್ಳುವುದು ಯಾರು? ಗೇಟು ಎತ್ತಿ ಇಳಿಸಬೇಕಾ?

ಬೇಡ. ಈ ಕಟ್ಟೆಗಳ ಜಾಣತನ ಇರುವುದೇ ಇಲ್ಲಿ.

ಏರಿಯ ಒಳಬದಿಯಲ್ಲಿ, ನೀರಿನ ನಡುವೆ, ಒಂದು ಕಾಂಕ್ರೀಟ್ ಗೋಪುರ ನಿಂತಿರುತ್ತದೆ. ಅದರ ತಲೆಯ ಹತ್ತಿರ ನೀರು ಒಳಗೆ ಬೀಳುವ ಬಾಯಿ. ಕಸಕಡ್ಡಿ ನುಗ್ಗದ ಹಾಗೆ ಬಾಯಿಗೆ ಕಬ್ಬಿಣದ ಸರಳು. ಗೋಪುರದ ಬುಡದಿಂದ ಹೊರಟ ಕೊಳವೆ ಏರಿಯ ಅಡಿಯಲ್ಲಿ ಹಾದು ಆಚೆ ಬದಿಯ ಗುಂಡಿಗೆ ಬೀಳುತ್ತದೆ. ನೀರು ಬಾಯಿಯ ಮಟ್ಟಕ್ಕಿಂತ ಕೆಳಗಿದ್ದಾಗ ಹೊರಗೆ ಹೋಗುವುದಿಲ್ಲ. ಹೂಳಿಗೆ ಅಂತ ಬಿಟ್ಟ ಜಾಗ ಅದು. ಅಲ್ಲಿ ನಿಂತ ಸಣ್ಣ ಹೊಂಡದಲ್ಲಿ ದನ ನೀರು ಕುಡಿಯುತ್ತವೆ, ಮೀನು ಬಾತುಕೋಳಿ ಇರುತ್ತವೆ. ಮಳೆ ಬಂದು ಮಟ್ಟ ಬಾಯಿಯನ್ನು ದಾಟಿದ ಕೂಡಲೇ ಕೊಳವೆ ತನ್ನಷ್ಟಕ್ಕೆ ಓಡಲು ಶುರು. ಎಷ್ಟೇ ನೀರು ಬಂದು ಗುಡ್ಡೆಬಿದ್ದರೂ ಕೊಳವೆಯ ಗಾತ್ರ ಹಿಡಿಸುವಷ್ಟೇ ಹೊರಗೆ. ಉಳಿದದ್ದು ಅಂಗಳದಲ್ಲಿ ತನ್ನ ಸರದಿ ಕಾಯುತ್ತದೆ. ಸುಮಾರು ಹತ್ತು ದಿನದೊಳಗೆ ಅಂಗಳ ಮತ್ತೆ ಖಾಲಿಯಾಗುವ ಹಾಗೆ ಕೊಳವೆಯ ಅಳತೆ ಇಡುತ್ತಾರೆ.

ದುರಸ್ತಿಗೆ ಅಂತ ಗೋಪುರದ ಬುಡದಲ್ಲಿ ಒಂದು ಗೇಟು ಇರಬಹುದು. ಅದನ್ನು ಬಿಟ್ಟರೆ ಎತ್ತುವಂಥದ್ದು ಇಳಿಸುವಂಥದ್ದು ಏನೂ ಇಲ್ಲ. ನಡುರಾತ್ರಿ ಗುಡುಗು ಮಳೆಯಲ್ಲಿ, ರಸ್ತೆ ಮುಳುಗಿದಾಗ, ಯಾರೂ ಓಡಿಹೋಗಿ ಚಕ್ರ ತಿರುಗಿಸಬೇಕಿಲ್ಲ. ಹಳ್ಳಿಗಾಡಿನ ಕಟ್ಟೆಗೆ ಇದಕ್ಕಿಂತ ದೊಡ್ಡ ಗುಣ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಸಣ್ಣ ಕಟ್ಟೆಯಿಂದ ನಿಜವಾಗಿ ಎಷ್ಟು ವ್ಯತ್ಯಾಸ ಆಗುತ್ತೆ?

ಒಂದು ಲೆಕ್ಕ ಹಾಕೋಣ. ಹಳ್ಳಕ್ಕೆ ಮಳೆನೀರು ಹರಿದುಬರುವ ಬಯಲು 10 ಚದರ ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಜೋರು ಮಳೆಯಲ್ಲಿ 75 ಮಿಲಿಮೀಟರಿನಷ್ಟು ನೀರು ನೆಲಕ್ಕೆ ಇಂಗದೆ ಹರಿದು ಬಂತು. ಒಟ್ಟು 7.5 ಲಕ್ಷ ಘನ ಮೀಟರ್, ಅಂದರೆ 75 ಕೋಟಿ ಲೀಟರ್. ಇದು ಮೂರು ಗಂಟೆಯಲ್ಲಿ ಇಳಿದರೆ ಸೆಕೆಂಡಿಗೆ ಸರಾಸರಿ 70 ಘನ ಮೀಟರ್. ಸಣ್ಣ ಹಳ್ಳಕ್ಕೆ ಅದು ಪ್ರಳಯ. ಅದೇ ನೀರನ್ನು ಹಿಡಿದಿಟ್ಟು ಹತ್ತು ದಿನದಲ್ಲಿ ಬಿಟ್ಟರೆ ಸೆಕೆಂಡಿಗೆ 0.87 ಘನ ಮೀಟರ್. ಹಳ್ಳ ದಡ ಮೀರುವುದಿಲ್ಲ. ನೀರು ಒಂದು ಹನಿಯೂ ಕಡಿಮೆಯಾಗಿಲ್ಲ, ಬರುವ ಸಮಯ ಬದಲಾಯಿತು ಅಷ್ಟೇ.

ಇಷ್ಟೊಂದು ಸಣ್ಣವು ಯಾಕೆ? ಕೆಳಗೆ ಒಂದೇ ದೊಡ್ಡದು ಕಟ್ಟಿದರೆ ಮುಗೀತಲ್ವಾ?

ಅಮೆರಿಕದಲ್ಲಿ ಇದರ ಮೇಲೆ ದೊಡ್ಡ ಜಟಾಪಟಿಯೇ ನಡೆದಿದೆ. ಸೇನೆಯ ಎಂಜಿನಿಯರ್ ದಳ ದೊಡ್ಡ ನದಿಯ ಮೇಲೆ ದೊಡ್ಡ ಅಣೆಕಟ್ಟು ಅನ್ನುತ್ತಿತ್ತು. ಕೃಷಿ ಇಲಾಖೆಯವರು ಮೇಲಿನ ಹಳ್ಳಗಳಲ್ಲಿ ಸಣ್ಣವು ಅನ್ನುತ್ತಿದ್ದರು. ಕೊನೆಗೆ ಎರಡೂ ಬಂದವು. ವಾಶಿಟಾದ ಮೇಲೇ ಫಾಸ್ ಎಂಬ ದೊಡ್ಡ ಅಣೆಕಟ್ಟು 1961ರಲ್ಲಿ ಮುಗಿಯಿತು.

ದೊಡ್ಡ ಅಣೆಕಟ್ಟು ತನ್ನ ಕೆಳಗಿನ ಪಟ್ಟಣಗಳನ್ನು ಕಾಯುತ್ತದೆ. ಮೇಲಿನ ಹಳ್ಳಗಳ ಪಕ್ಕದ ಹೊಲಕ್ಕೆ ಅದರಿಂದ ಏನೂ ಸಿಗುವುದಿಲ್ಲ. ಹಳ್ಳಿಗಾಡಿನಲ್ಲಿ ವರ್ಷ ವರ್ಷ ಹಾಳಾಗುವುದು ಆ ಹೊಲವೇ. ಬಿತ್ತಿದ ಮೇಲೆ ಒಂದು ಸಲ ಹಳ್ಳ ಉಕ್ಕಿದರೆ ಬೀಜ, ಗೊಬ್ಬರ, ಮೇಲ್ಮಣ್ಣು ಮೂರೂ ಹೋಗುತ್ತವೆ. ಇದು ಪೇಪರಿನಲ್ಲಿ ಬರುವುದಿಲ್ಲ, ಆದರೆ ಒಂದು ಮನೆತನವನ್ನು ಸಾಲಕ್ಕೆ ತಳ್ಳಲು ಅಷ್ಟು ಸಾಕು. ಹಾಗಂತ ಸಣ್ಣ ಕಟ್ಟೆಗಳಿಂದ ದೊಡ್ಡ ನದಿಯ ಪ್ರವಾಹ ನಿಂತುಬಿಡುತ್ತೆ ಅಂದುಕೊಳ್ಳಬೇಡಿ. ಕೆಳಕ್ಕೆ ಹೋದಷ್ಟೂ ಅವುಗಳ ಕೈಗೆ ಸಿಗದ ನೀರು ಸೇರುತ್ತಾ ಹೋಗುತ್ತದೆ.

ಬರೀ ಮಣ್ಣು! ನೀರಿಗೆ ಕರಗಿ ಹೋಗಲ್ವಾ?

ಸರಿಯಾದ ಮಣ್ಣು ಆರಿಸಿ, ಸರಿಯಾಗಿ ಗಟ್ಟಿಮಾಡಿದರೆ ಹೋಗುವುದಿಲ್ಲ. ಮೊದಲು ಏರಿ ಬರುವ ಜಾಗದಲ್ಲಿ ಗಟ್ಟಿ ನೆಲ ಸಿಗುವ ತನಕ ಉದ್ದಕ್ಕೂ ಕಂದಕ ತೋಡಿ, ಜೇಡಿಮಣ್ಣು ತುಂಬಿ ಬಡಿಯುತ್ತಾರೆ. ನೀರು ಅಡಿಯಿಂದ ನುಸುಳದಿರಲಿ ಅಂತ. ಅದರ ಮೇಲೆ ಒಂದು ಗೇಣಿನಷ್ಟು ಮಣ್ಣು ಹರಡುವುದು, ಗೊರಸಿನಂಥ ಮುಳ್ಳುಗಳಿರುವ ರೋಲರ್ ಓಡಿಸುವುದು, ಮತ್ತೆ ಒಂದು ಗೇಣು ಹರಡುವುದು. ಮಣ್ಣಿನ ಹದವೂ ನೋಡಬೇಕು. ತೀರಾ ಒಣಗಿದ್ದರೆ ಕೂಡಿಕೊಳ್ಳುವುದಿಲ್ಲ, ತೀರಾ ಒದ್ದೆಯಾದರೆ ಗಟ್ಟಿಯಾಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಒಕ್ಲಹೋಮ, ಮಿಸಿಸಿಪ್ಪಿ ಕಡೆಯ ಕೆಲವು ಕಟ್ಟೆಗಳು ಮೊದಲ ಸಲ ನೀರು ತುಂಬಿದಾಗಲೇ ತೂತುಬಿದ್ದವು. ಮಣ್ಣು ಜೇಡಿಯೇ, ಗಟ್ಟಿಯೂ ಆಗಿತ್ತು. 1970ರ ದಶಕದಲ್ಲಿ ಜೇಮ್ಸ್ ಶೆರಾರ್ಡ್ ಎಂಬ ಎಂಜಿನಿಯರ್ ಮತ್ತು ಜೊತೆಗಾರರು ಇದರ ಬೆನ್ನುಹತ್ತಿದರು. ಕೆಲವು ಜೇಡಿಮಣ್ಣಿನಲ್ಲಿ ಸೋಡಿಯಂ ಜಾಸ್ತಿ ಇರುತ್ತದೆ. ಅಂಥ ಮಣ್ಣಿನ ಕಣಗಳು ನಿಂತ ನೀರಿನಲ್ಲೂ ಒಂದನ್ನೊಂದು ಬಿಟ್ಟು ತೇಲಿಹೋಗುತ್ತವೆ. ಏರಿಯಲ್ಲಿ ಕೂದಲೆಳೆಯಂಥ ಬಿರುಕಿದ್ದರೂ ಸಾಕು, ಅದರೊಳಗೆ ಹೊಕ್ಕ ನೀರು ಗೋಡೆ ತಿನ್ನುತ್ತಾ ಸುರಂಗ ಮಾಡುತ್ತದೆ.

ಇದನ್ನು ಕಂಡುಹಿಡಿಯುವ ಮೊದಲ ಪರೀಕ್ಷೆಗೆ ಲ್ಯಾಬೇ ಬೇಕಿಲ್ಲ. ಗಾಜಿನ ಲೋಟದಲ್ಲಿ ಬಟ್ಟಿ ಇಳಿಸಿದ ನೀರು ತಗೊಳ್ಳಿ. ಅದರೊಳಗೆ ಕಡಲೆಕಾಳಿನಷ್ಟು ಮಣ್ಣಿನ ಹೆಂಟೆ ಮೆಲ್ಲಗೆ ಬಿಡಿ. ಕಲಕಬೇಡಿ. ಒಳ್ಳೆಯ ಮಣ್ಣಾದರೆ ಹೆಂಟೆ ಬಿರಿದು ತಳದಲ್ಲಿ ಪುಡಿಯಾಗಿ ಕೂರುತ್ತದೆ, ನೀರು ತಿಳಿಯಾಗೇ ಇರುತ್ತದೆ. ಕೆಟ್ಟ ಮಣ್ಣಾದರೆ ಹೆಂಟೆಯ ಸುತ್ತ ಮಸುಕು ಏಳುತ್ತದೆ. ಐದು ಹತ್ತು ನಿಮಿಷದಲ್ಲಿ ಲೋಟದ ತಳವೆಲ್ಲ ಕದಡಿ ಕಾಣುತ್ತದೆ, ಹೊತ್ತು ಕಳೆದರೂ ತಿಳಿಯಾಗುವುದಿಲ್ಲ. ಹಾಗೆ ಕದಡಿದ ಮಣ್ಣನ್ನು ಸುಣ್ಣವೋ ಜಿಪ್ಸಮ್ಮೋ ಬೆರೆಸದೆ ಏರಿಗೆ ಹಾಕಬಾರದು. ಲೋಟದಲ್ಲಿ ಪಾಸಾದ ಮಣ್ಣಿಗೂ ಲ್ಯಾಬಿನ ಪರೀಕ್ಷೆ ತಪ್ಪಿದ್ದಲ್ಲ.

ಇನ್ನೊಂದು ಬದಲಾವಣೆಯೂ ಬಂತು. ಏರಿಯೊಳಗಿನ ಕೊಳವೆಯ ಗುಂಟ ನೀರು ನುಸುಳದಿರಲಿ ಅಂತ ಮೊದಲು ಕೊಳವೆಗೆ ಅಲ್ಲಲ್ಲಿ ಕಾಂಕ್ರೀಟ್ ಪಟ್ಟಿ ಹಾಕುತ್ತಿದ್ದರು. ಆ ಪಟ್ಟಿಗಳ ಮೂಲೆಯಲ್ಲಿ ಮಣ್ಣು ಸರಿಯಾಗಿ ಬಡಿಯಲು ಆಗುತ್ತಿರಲಿಲ್ಲ, ನೀರಿಗೆ ಅದೇ ದಾರಿಯಾಗುತ್ತಿತ್ತು. 1980ರ ದಶಕದಿಂದ ಪಟ್ಟಿ ಬಿಟ್ಟು ಕೊಳವೆಯ ಸುತ್ತ ಮರಳಿನ ತಡೆ ಇಡುತ್ತಾರೆ. ಮರಳು ನೀರನ್ನು ಬಿಡುತ್ತದೆ, ಮಣ್ಣಿನ ಕಣವನ್ನು ಬಿಡುವುದಿಲ್ಲ.

ಅಂಗಳವೂ ತುಂಬಿ ಇನ್ನೂ ಮಳೆ ಬರ್ತಾನೇ ಇದ್ದರೆ?

ಆಗ ಕೋಡಿ. ಏರಿಯ ಒಂದು ತುದಿಯಲ್ಲಿ, ಏರಿಯ ಮೇಲಲ್ಲ, ಪಕ್ಕದ ಹುಟ್ಟುನೆಲದಲ್ಲಿ ಅಗಲವಾಗಿ ಕಡಿದ ಕಾಲುವೆ ಅದು. ಸಾಮಾನ್ಯವಾಗಿ ಕಲ್ಲು ಕಾಂಕ್ರೀಟು ಏನೂ ಹಾಕಿರುವುದಿಲ್ಲ, ಹುಲ್ಲು ಮಾತ್ರ. ಹುಲ್ಲು ಅಂದರೆ ತಾತ್ಸಾರ ಬೇಡ. ಒಕ್ಲಹೋಮದ ಸ್ಟಿಲ್‌ವಾಟರ್ ಎಂಬಲ್ಲಿ ಕೃಷಿ ಇಲಾಖೆಯ ಪ್ರಯೋಗಾಲಯ 1940ರ ದಶಕದಿಂದ ನಿಜವಾದ ಹುಲ್ಲುಗಾಲುವೆಗಳಲ್ಲಿ ನೀರು ಹರಿಸಿ, ಯಾವ ಹುಲ್ಲು ಎಷ್ಟು ವೇಗ ತಡೆಯುತ್ತದೆ ಅಂತ ಅಳೆದಿದೆ. ಅಲ್ಲಿ ಹೆಚ್ಚು ಬಳಸುವ ಬರ್ಮುಡಾ ಗ್ರಾಸ್ ಬೇರೇನಲ್ಲ, ನಾವು ಗಣೇಶನಿಗೆ ಏರಿಸುವ ಗರಿಕೆಯೇ. ಒತ್ತಾಗಿ ಬೆಳೆದ ಗರಿಕೆ ನೀರಿನ ರಭಸಕ್ಕೆ ಮಲಗಿ ನೆಲವನ್ನು ಹೊದ್ದುಕೊಳ್ಳುತ್ತದೆ.

ಬೋಳು ತೇಪೆ, ದನ ತುಳಿದ ಜಾಡು, ಗಾಡಿ ಓಡಾಡಿದ ಗುರುತು ಇದ್ದರೆ ಕಷ್ಟ. ಅಲ್ಲಿ ಮಣ್ಣು ಕಿತ್ತು ಒಂದು ಮೆಟ್ಟಿಲು ಬೀಳುತ್ತದೆ. ಆ ಮೆಟ್ಟಿಲು ಕುಸಿಯುತ್ತಾ ಮೇಲಕ್ಕೆ, ಕಟ್ಟೆಯ ಕಡೆಗೇ ಸಾಗುತ್ತದೆ. ಅದು ಅಂಗಳ ಮುಟ್ಟಿದರೆ ಕಟ್ಟೆ ಒಡೆದಂತೆಯೇ. ಏರಿಯ ಮೇಲೆಯೇ ನೀರು ಹರಿಯುವ ಸ್ಥಿತಿ ಬಂದರಂತೂ ಮಣ್ಣಿನ ಕಟ್ಟೆ ಬದುಕುವುದು ಕಷ್ಟ. ಹಾಗಾಗಿಯೇ ಕೋಡಿಯ ಮಟ್ಟ ಏರಿಯ ತಲೆಗಿಂತ ಸಾಕಷ್ಟು ಕೆಳಗಿರಬೇಕು.

ಜಮೀನು ಯಾರದು? ಸರ್ಕಾರ ಸ್ವಾಧೀನ ಮಾಡಿಕೊಳ್ಳುತ್ತಾ?

ಒಕ್ಲಹೋಮದಲ್ಲಿ ಜಮೀನು ಬಹುಪಾಲು ರೈತರ ಹೆಸರಲ್ಲೇ ಉಳಿದಿದೆ. ಅಲ್ಲಿ ಕಟ್ಟೆ ಕಟ್ಟುವ, ನೀರು ನಿಲ್ಲಿಸುವ, ನೋಡಿಕೊಳ್ಳಲು ಬಂದುಹೋಗುವ ಹಕ್ಕನ್ನು ಮಾತ್ರ ಸ್ಥಳೀಯ ಸಂರಕ್ಷಣಾ ಮಂಡಳಿಗೆ ಬರೆದುಕೊಟ್ಟಿದ್ದಾರೆ. ಕಟ್ಟುವ ಖರ್ಚು ಕೇಂದ್ರ ಸರ್ಕಾರದ್ದು. ಜಾಗದ ಹಕ್ಕು ಒದಗಿಸುವುದು, ಆಮೇಲೆ ಕಾಯುವುದು ಸ್ಥಳೀಯರ ಜವಾಬ್ದಾರಿ.

1954ರ ಕಾಯ್ದೆಯಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಷರತ್ತಿದೆ. ಕಟ್ಟೆಗೆ ನೀರು ಬರುವ ಬಯಲಿನಲ್ಲಿ ಕನಿಷ್ಠ ಅರ್ಧದಷ್ಟು ಜಮೀನಿನ ಮಾಲೀಕರು, ತಮ್ಮ ಹೊಲದಲ್ಲಿ ಮಣ್ಣು ಉಳಿಸುವ ಕೆಲಸ ಮಾಡುತ್ತೇವೆ ಅಂತ ಒಪ್ಪಬೇಕು. ಬದು ಹಾಕುವುದು, ಇಳಿಜಾರಿಗೆ ಅಡ್ಡ ಉಳುವುದು, ಸವೆದ ನೆಲಕ್ಕೆ ಹುಲ್ಲು ಬಿಡುವುದು, ಇಂಥವು. ಮೇಲಿನ ಹೊಲ ಕಾಯದಿದ್ದರೆ ಕೆಳಗಿನ ಕಟ್ಟೆ ಹೂಳು ತುಂಬಿ ಬೇಗ ಸಾಯುತ್ತದೆ. ನಮ್ಮಲ್ಲಿ ಹೂಳೆತ್ತಲು ಮತ್ತೆ ಮತ್ತೆ ಟೆಂಡರ್ ಕರೆಯುತ್ತೇವೆ. ಹೂಳು ಬರುವ ಹೊಲದ ಮಾತು ಎತ್ತುವುದು ಅಪರೂಪ.

ಎಷ್ಟು ವರ್ಷ ಬಾಳಿಕೆ?

ಬಹಳಷ್ಟನ್ನು 50 ವರ್ಷಕ್ಕೆ ಅಂತ ಲೆಕ್ಕಹಾಕಿ ಕಟ್ಟಿದ್ದು. ಐವತ್ತು ವರ್ಷಕ್ಕೆ ಏರಿ ಕುಸಿಯುತ್ತೆ ಅಂತ ಇದರ ಅರ್ಥವಲ್ಲ. ಹೂಳಿಗೆ ಬಿಟ್ಟ ಜಾಗ ತುಂಬಬಹುದು, ಲೋಹದ ಕೊಳವೆ ತುಕ್ಕು ಹಿಡಿಯಬಹುದು. ಹಳೆಯ ಕಟ್ಟೆಗಳ ದುರಸ್ತಿಗೆ 2000ದಲ್ಲಿ ಅಮೆರಿಕ ಬೇರೆ ಕಾಯ್ದೆಯನ್ನೇ ತಂದಿತು. ಮೊದಮೊದಲು ದುರಸ್ತಿಯಾದವುಗಳಲ್ಲಿ ಒಕ್ಲಹೋಮದ ಸಾರ್ಜೆಂಟ್ ಮೇಜರ್ ಕ್ರೀಕ್ ಹಳ್ಳದ ಕಟ್ಟೆಯೂ ಒಂದು.

ಕಟ್ಟೆ ಬಂದ ಮೇಲೆ ಕೆಳಗೆ ಪ್ರವಾಹ ಇಲ್ಲ. ಮನೆ ಕಟ್ಟಬಹುದಲ್ವಾ?

ದಯವಿಟ್ಟು ಬೇಡ. ಇದರಲ್ಲಿರುವ ಅತಿ ದೊಡ್ಡ ಅಪಾಯ ಇದೇ.

ಹೊಲ ಕಾಯುವ ಕಟ್ಟೆಗೆ ಒಂದು ಲೆಕ್ಕ. ಒಡೆದರೂ ಬೆಳೆ ಹೋದೀತು, ಜೀವ ಹೋಗುವುದಿಲ್ಲ ಅಂತ ಧೈರ್ಯದ ಮೇಲೆ ಕೋಡಿಯ ಅಗಲ, ಏರಿಯ ಎತ್ತರ ಇಡುತ್ತಾರೆ. ಕೆಳಗೆ ಮನೆಗಳಿದ್ದರೆ ಲೆಕ್ಕವೇ ಬೇರೆ. ಆ ಸೀಮೆಯಲ್ಲಿ ಊಹಿಸಬಹುದಾದ ಅತಿ ದೊಡ್ಡ ಮಳೆಯನ್ನೂ ಕಟ್ಟೆ ತಡೆದುಕೊಳ್ಳಬೇಕು. ಈಗ ಆಗಿರುವುದೇನು? ಹಳ್ಳ ಉಕ್ಕುವುದು ನಿಂತಿತು, ಜನರಿಗೆ ಧೈರ್ಯ ಬಂತು, ಪಟ್ಟಣ ಬೆಳೆಯಿತು, ಹೊಲವಿದ್ದಲ್ಲಿ ಮನೆ ಬಂದವು. ಕಟ್ಟೆ ಒಂದಿಂಚೂ ಬದಲಾಗದೆ, ರಾತ್ರಿ ಬೆಳಗಾಗುವುದರೊಳಗೆ ಕಡಿಮೆ ಅಪಾಯದ ಪಟ್ಟಿಯಿಂದ ಹೆಚ್ಚು ಅಪಾಯದ ಪಟ್ಟಿಗೆ ಹೋಗಿಬಿಟ್ಟಿತು. ಈಗ ಏರಿ ಎತ್ತರಿಸಬೇಕು, ಕೋಡಿ ಅಗಲ ಮಾಡಬೇಕು. ಕಟ್ಟಿದ ಖರ್ಚಿಗಿಂತ ಅದೇ ಜಾಸ್ತಿ ಆಗಬಹುದು. ಕಟ್ಟೆ ಕಟ್ಟುವ ದಿನವೇ ಅದರ ಕೆಳಗಿನ ಹಳ್ಳದ ಬಯಲಿನಲ್ಲಿ ಮನೆಗೆ ಅನುಮತಿ ಇಲ್ಲ ಅಂತ ದಾಖಲೆ ಆಗಬೇಕು.

ಏರಿ ಮೇಲೆ ಮರ ಇದ್ದರೆ ಬೇರು ಮಣ್ಣು ಹಿಡಿದುಕೊಳ್ಳುತ್ತಲ್ವಾ?

ಹುಲ್ಲಿನ ಬೇರು ಹಿಡಿಯುತ್ತದೆ. ಮರದ ಬೇರು ಆಳಕ್ಕೆ ಇಳಿಯುತ್ತದೆ. ಮರ ಸತ್ತ ಮೇಲೆ ಬೇರು ಕೊಳೆತು ಏರಿಯೊಳಗೆ ಕೊಳವೆಯಂಥ ಸಂದು ಉಳಿಯುತ್ತದೆ. ಗಾಳಿಗೆ ಮರ ಬುಡಸಮೇತ ಬಿದ್ದರೆ ಏರಿಯಲ್ಲೇ ಗುಂಡಿ. ಒಕ್ಲಹೋಮದಲ್ಲಿ ಸೀಡರ್ ಮರದ ಕಾಟ, ನಮ್ಮಲ್ಲಿ ಬಳ್ಳಾರಿ ಜಾಲಿ. ಸಸಿ ಇದ್ದಾಗಲೇ ಕೀಳಬೇಕು. ಬಲಿತ ಮರವನ್ನು ಎಂಜಿನಿಯರ್ ಕೇಳದೆ ಬೇರುಸಮೇತ ಕೀಳಬಾರದು.

ಪ್ರಾಣಿಗಳದ್ದು ಇನ್ನೊಂದು ಗೋಳು. ಅಲ್ಲಿ ಬೀವರ್‌ಗಳು ಗೋಪುರದ ಬಾಯಿಗೆ ಕೊಂಬೆ ಕೆಸರು ತಂದು ಮೆತ್ತುತ್ತವೆ. ಬಾಯಿ ಕಟ್ಟಿದರೆ ಅಂಗಳ ಖಾಲಿಯಾಗುವುದಿಲ್ಲ. ಇಲ್ಲಿ ಹೆಗ್ಗಣ, ಏಡಿ. 2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಎಂಬ ಸಣ್ಣ ಮಣ್ಣಿನ ಅಣೆಕಟ್ಟು ಒಡೆದು ಇಪ್ಪತ್ತರ ಆಸುಪಾಸು ಜನ ಸತ್ತರು. ಏಡಿ ಕೊರೆದದ್ದೇ ಕಾರಣ ಅಂತ ಆಗಿನ ಸಚಿವರು ಹೇಳಿದರು. ನೀರು ಸೋರುತ್ತಿದೆ ಅಂತ ಮೊದಲೇ ದೂರು ಕೊಟ್ಟಿದ್ದೆವು ಅಂತ ಊರಿನವರು ಹೇಳಿದರು. ನನ್ನ ಮಟ್ಟಿಗೆ ಎರಡನೆಯ ಮಾತೇ ಮುಖ್ಯ. ಏರಿ ಸೋರುವುದು ಎಲ್ಲ ಕಡೆ ಇದ್ದದ್ದೇ. ಸೋರುವ ನೀರು ತಿಳಿಯಾಗಿದೆಯಾ, ಕದಡಿದೆಯಾ, ಮೊನ್ನೆಗಿಂತ ಜಾಸ್ತಿಯಾಗಿದೆಯಾ ಅಂತ ನೋಡಬೇಕು. ಕದಡಿದ ನೀರು ಬಂತು ಅಂದರೆ ಏರಿಯೊಳಗಿನ ಮಣ್ಣು ಹೊರಗೆ ಬರುತ್ತಿದೆ. ಕೆಳಗಿನವರನ್ನು ಕೂಡಲೇ ಎಬ್ಬಿಸಿ ಮೇಲೆ ಕಳಿಸಬೇಕು, ಪತ್ರ ಬರೆಯುವುದು ಆಮೇಲೆ.

ನಮ್ಮ ದೇಶದಲ್ಲಿ ಇಂಥ ಸಣ್ಣ ಕಟ್ಟೆಗಳಿಗೆ ಕಾನೂನಿನ ಕಾವಲು ಇದೆಯಾ?

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದವಕ್ಕೆ ಅನ್ವಯಿಸುತ್ತದೆ. 10ರಿಂದ 15 ಮೀಟರ್ ಎತ್ತರದವು ಉದ್ದ, ನೀರಿನ ಪ್ರಮಾಣ ಮುಂತಾದ ಷರತ್ತಿಗೆ ಹೊಂದಿದರೆ ಮಾತ್ರ ಒಳಗೆ ಬರುತ್ತವೆ. ಅದಕ್ಕಿಂತ ಚಿಕ್ಕವು ಹೊರಗೆ. ನಮ್ಮ ಕೆರೆಗಳಲ್ಲಿ ಹೆಚ್ಚಿನವು ಆ ಸಾಲಿನವೇ. ಕರ್ನಾಟಕದಲ್ಲಿ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಜಿಲ್ಲಾ ಪಂಚಾಯಿತಿಯ ಕೈಯಲ್ಲಿ, 40ರಿಂದ 2,000 ಹೆಕ್ಟೇರಿನವು ಸಣ್ಣ ನೀರಾವರಿ ಇಲಾಖೆಯ ಕೈಯಲ್ಲಿ. ನಿಮ್ಮೂರ ಕೆರೆ ಯಾರ ಲೆಕ್ಕದಲ್ಲಿದೆ ಅಂತ ಮಳೆಗಾಲಕ್ಕೆ ಮುಂಚೆಯೇ ಕೇಳಿಟ್ಟುಕೊಳ್ಳಿ.

ನಮ್ಮೂರ ಕೆರೆಯನ್ನೇ ಹೀಗೆ ಪ್ರವಾಹ ತಡೆಯಲು ಬಳಸಬಹುದಾ?

ಸ್ವಲ್ಪ ಮಟ್ಟಿಗೆ. ಮುಂಗಾರಿಗೆ ಮುಂಚೆ ಬತ್ತಿದ ಕೆರೆ ಮೊದಲ ದೊಡ್ಡ ಮಳೆಯನ್ನು ಹಿಡಿದುಕೊಳ್ಳುತ್ತದೆ. ತುಂಬಿದ ಕೆರೆಯಲ್ಲೂ ಕೋಡಿಗೂ ಏರಿಯ ತಲೆಗೂ ನಡುವೆ ಇರುವ ಜಾಗ ಸ್ವಲ್ಪ ಹೊತ್ತು ನೀರು ತಡೆಯುತ್ತದೆ. ಅದಕ್ಕಿಂತ ಜಾಸ್ತಿ ಬೇಕು ಅಂದರೆ ಕೆರೆಯನ್ನು ಪೂರ್ತಿ ತುಂಬಿಸದೆ ಬಿಡಬೇಕು. ಅಚ್ಚುಕಟ್ಟಿನ ರೈತರು ಅದನ್ನು ಒಪ್ಪುವುದು ಕಷ್ಟ, ಮುಂದೆ ಮಳೆ ಕೈಕೊಟ್ಟರೆ ಅವರ ಬೆಳೆಗೆ ನೀರು ಕೊಡುವವರು ಯಾರು? ಹಾಗಾಗಿ ಎರಡೂ ಕೆಲಸ ಬೇಕಾದ ಕಡೆ ಊರವರು, ಎಂಜಿನಿಯರು ಒಟ್ಟಿಗೆ ಕೂತು, ಯಾವ ತಿಂಗಳಲ್ಲಿ ಎಲ್ಲಿಯವರೆಗೆ ತುಂಬಿಸುವುದು ಅಂತ ಮಟ್ಟ ನಿಗದಿ ಮಾಡಿಕೊಳ್ಳಬೇಕು.

ಒಂದು ಕೆಲಸ ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಇನ್ನೊಂದಿಷ್ಟು ನೀರು ನಿಲ್ಲಲಿ ಅಂತ ಕೋಡಿಗೆ ಮರಳಿನ ಮೂಟೆ ಅಡ್ಡ ಇಡುವುದು, ಕಲ್ಲು ಪೇರಿಸುವುದು ನಮ್ಮಲ್ಲಿ ಹಲವು ಕಡೆ ಇದೆ. ಒಂದೆರಡು ಅಡಿ ನೀರಿನ ಆಸೆಗೆ, ಏರಿಯ ಮೇಲೆ ನೀರು ಹರಿಯದಂತೆ ಕಾಯುವ ಜಾಗವನ್ನೇ ತುಂಬಿಬಿಡುತ್ತೇವೆ. ಕೋಡಿಯ ಬಾಯಿ, ಅಲ್ಲಿಂದ ಹೊರಡುವ ಕಾಲುವೆ ಎರಡನ್ನೂ ಮುಂಗಾರಿಗೆ ಮುಂಚೆ ಬಿಡಿಸಿ. ಕಾಲುವೆ ಒತ್ತುವರಿಯಾಗಿದ್ದರೆ ತಹಶೀಲ್ದಾರರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.